ಇನ್ನೂರು ಮನಸ್ಸುಗಳಿಗೊಬ್ಬ ಮೇಸ್ತ್ರಿ

ಹದಿಹರೆಯ ದಾಟಿದ ಮಕ್ಕಳ ತಲೆಯಲ್ಲಿ ಏನು ಓಡುತ್ತಿದೆ ಎಂಬುದು ಹೆತ್ತವರಿಗೇ ತಿಳಿಯದ ಕಾಲದಲ್ಲಿ, ಚೀನಾದ ಶಿಕ್ಷಣ ಸಚಿವಾಲಯ ಅದನ್ನು ತಿದ್ದುವುದಕ್ಕೆ ಲೆಕ್ಕವನ್ನೇ ಗೊತ್ತುಮಾಡಿದೆ: ವಿಶ್ವವಿದ್ಯಾಲಯಗಳಲ್ಲಿ 200 ವಿದ್ಯಾರ್ಥಿಗಳಿಗೆ ಕನಿಷ್ಠ ಒಬ್ಬ ಪೂರ್ಣಾವಧಿ ‘ಫುದಾವೊಯುವಾನ್’, ಅಂದರೆ ರಾಜಕೀಯ ವಿಚಾರಗಳ ಸಲಹೆಗಾರ. 2017ರ ನಿಯಮಾವಳಿ ಈತನಿಗೆ ಒಂಬತ್ತು ಕರ್ತವ್ಯಗಳನ್ನು ವಹಿಸಿದೆ. ಸಿದ್ಧಾಂತ ಬೋಧಿಸುವುದು ಮೊದಲನೆಯದಾದರೆ, ಕಮ್ಯುನಿಸ್ಟ್ ಪಕ್ಷದ ಘಟಕ ಕಟ್ಟುವುದು, ಓದಿನ ಶಿಸ್ತು, ದಿನನಿತ್ಯದ ಆಡಳಿತ, ಮಾನಸಿಕ ಆರೋಗ್ಯ, ಅಂತರ್ಜಾಲದಲ್ಲಿ ವಿಚಾರಶುದ್ಧಿ, ಆಪತ್ತಿನ ನಿರ್ವಹಣೆ, ಉದ್ಯೋಗ ಮಾರ್ಗದರ್ಶನ ಇವೆಲ್ಲ ಅದರ ಹಿಂದೆ ಸಾಲುಗಟ್ಟಿವೆ. ಇಷ್ಟನ್ನೂ ಮುಗಿಸಿದ ಬಿಡುವಿನಲ್ಲಿ ಇದೇ ವಿಷಯವಾಗಿ ಸಂಶೋಧನೆ ನಡೆಸುವುದು ಒಂಬತ್ತನೆಯದು.

1953ರಲ್ಲಿ ಬೀಜಿಂಗ್‌ನ ತ್ಸಿಂಗ್‌ಹುವಾ ವಿಶ್ವವಿದ್ಯಾಲಯದಲ್ಲಿ ಅಲ್ಲಿನ ಮುಖ್ಯಸ್ಥ ಜಿಯಾಂಗ್ ನಾನ್‌ಶಿಯಾಂಗ್ ಈ ಪದ್ಧತಿಯನ್ನು ಆರಂಭಿಸಿದಾಗ, ಆಯ್ದ ಹಿರಿಯ ವಿದ್ಯಾರ್ಥಿಗಳು ಒಂದು ಹೆಗಲ ಮೇಲೆ ಓದನ್ನೂ ಇನ್ನೊಂದರ ಮೇಲೆ ರಾಜಕೀಯವನ್ನೂ ಹೊರಬೇಕಿತ್ತು. ಹಾಗೆ ಹೊತ್ತವರಲ್ಲೊಬ್ಬರಾದ ಹೂ ಜಿಂಟಾವೊ ಮುಂದೆ ರಾಷ್ಟ್ರಾಧ್ಯಕ್ಷರೇ ಆದರು. ಇಂದಿನವನಿಗೂ ಹೆಗಲು ಎರಡೇ; ಹೊರೆ ಮಾತ್ರ ಒಂಬತ್ತು.

ಹೀಗಾಗಿ ಸಿದ್ಧಾಂತವೂ ಹಾಜರಿ ಪುಸ್ತಕದ ದಾರಿ ಹಿಡಿದಿದೆ. ಕಮ್ಯುನಿಸ್ಟ್ ಯುವ ಒಕ್ಕೂಟದ ಆನ್‌ಲೈನ್ ಪಾಠವನ್ನು ನೋಡಿದ್ದಕ್ಕೆ ಸಾಕ್ಷಿಯಾಗಿ ವಿದ್ಯಾರ್ಥಿಗಳು ಸ್ಕ್ರೀನ್‌ಶಾಟ್ ಒಪ್ಪಿಸಬೇಕು. ವಿಡಿಯೊ ಓಡುವಷ್ಟು ಹೊತ್ತು ಹುಡುಗ ಬಟ್ಟೆ ಒಗೆದನೋ, ನಿದ್ದೆ ಹೊಡೆದನೋ ಯಾರಿಗೂ ಬೇಕಿಲ್ಲ. ಚಿತ್ರ ಬಂದರೆ ನಂಬಿಕೆ ಹುಟ್ಟಿತು ಎಂದೇ ಅರ್ಥ. ಮನುಷ್ಯನ ಅಂತರಂಗವನ್ನು ಇಷ್ಟು ಅಗ್ಗವಾಗಿ ಅಳೆಯುವ ಉಪಕರಣವನ್ನು ಯಾವ ಧರ್ಮಪೀಠವೂ ಕಂಡುಹಿಡಿದಿರಲಿಲ್ಲ ಎಂಬುದನ್ನು ಒಪ್ಪಲೇಬೇಕು.

ಇದಕ್ಕಿಂತ ಸೊಗಸಾದದ್ದು ಮಾನಸಿಕ ಆರೋಗ್ಯದ ಏರ್ಪಾಡು. ಪಕ್ಷದ ಸದಸ್ಯತ್ವ, ವಿದ್ಯಾರ್ಥಿವೇತನ, ನಡತೆಯ ಮೌಲ್ಯಮಾಪನಗಳಲ್ಲಿ ಯಾರ ಮಾತಿಗೆ ತೂಕವಿದೆಯೋ, ಆತನ ಮುಂದೆಯೇ ವಿದ್ಯಾರ್ಥಿ ನಿಸ್ಸಂಕೋಚವಾಗಿ ಮನಸ್ಸು ಬಿಚ್ಚಬೇಕು. ವ್ಯವಸ್ಥೆಯ ಬಗ್ಗೆಯೇ ಬೇಸರವಾಗಿದೆ ಎಂದು ಯಾವನಾದರೂ ಹೇಳಿಕೊಂಡರೆ, ಅದನ್ನು ಐದನೆಯ ಕರ್ತವ್ಯದಡಿ ಸಂತೈಸಬೇಕೋ ಮೊದಲನೆಯದರಡಿ ತಿದ್ದಬೇಕೋ ಎಂಬ ಧರ್ಮಸಂಕಟ ಪಾಪ ಸಲಹೆಗಾರನದು. ಸಲಹೆಗಾರನ ಸ್ವಂತ ಬೇಸರವನ್ನು ಕೇಳಲು ನಿಯಮಾವಳಿಯಲ್ಲಿ ಯಾರೂ ಇಲ್ಲ.

ಕೊನೆಯ ವರ್ಷ ಬಂದಾಗ ಸಿದ್ಧಾಂತ ಹಿಂದೆ ಸರಿದು ನೌಕರಿ ಮುಂದೆ ಬರುತ್ತದೆ. 2023ರ ಜೂನ್‌ನಲ್ಲಿ ನಗರಗಳ 16ರಿಂದ 24ರ ವಯೋಮಾನದವರ ನಿರುದ್ಯೋಗ ಶೇ. 21.3ಕ್ಕೆ ಏರಿದಾಗ, ಸರ್ಕಾರ ಆ ಅಂಕಿಯ ಪ್ರಕಟಣೆಯನ್ನೇ ತಿಂಗಳುಗಟ್ಟಲೆ ನಿಲ್ಲಿಸಿ ನೆಮ್ಮದಿ ಕಂಡುಕೊಂಡಿತು. ಸಲಹೆಗಾರನಿಗೆ ಆ ಸೌಲಭ್ಯವಿಲ್ಲ. ಅವನು ಒಬ್ಬೊಬ್ಬರಿಗೂ ಫೋನ್ ಮಾಡಿ, ಕೆಲಸ ಸಿಕ್ಕಿತೇ ಎಂದು ವಿಚಾರಿಸಿ, ಕೋಷ್ಟಕದ ಖಾಲಿ ಮನೆಗಳನ್ನು ತುಂಬಲೇಬೇಕು.