ಬ್ಯಾಗ್ ಕಳೆದರೆ ಕಿಲೋಗೆ 450 ರೂಪಾಯಿ? ಅದು ಹಳೇ ಲೆಕ್ಕ

ಶಿವಮೊಗ್ಗ, ಸಾಗರ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ವಿಮಾನದಲ್ಲಿ ಬ್ಯಾಗ್ ಕಳೆದರೆ ಕಿಲೋಗೆ 450 ರೂಪಾಯಿ ಅಷ್ಟೇ ಸಿಗುತ್ತದಂತೆ, ಕೇಸ್ ಹಾಕಲು ಬೆಂಗಳೂರಿಗೇ ಹೋಗಬೇಕಂತೆ. ಎರಡೂ ಸರಿಯಲ್ಲ.

ಕಿಲೋ ಲೆಕ್ಕ ಮೊದಲು ಇದ್ದದ್ದು ನಿಜ. 2014ರಲ್ಲಿ ಅದು ಬದಲಾಯಿತು. ಈಗ ದೇಶದೊಳಗಿನ ಪ್ರಯಾಣಕ್ಕೆ ಒಬ್ಬರಿಗೆ 20,000 ರೂಪಾಯಿವರೆಗೆ ಮಿತಿ. ಹಾಗಂತ ಕಳೆದವರಿಗೆಲ್ಲ ಪೂರ್ತಿ 20,000 ಕೈಗೆ ಬರುತ್ತದೆ ಅಂತಲ್ಲ. ನಷ್ಟ ಎಷ್ಟು ಅಂತ ನೀವು ತೋರಿಸಬೇಕು. ಅಪ್ಪೆಮಿಡಿ ಉಪ್ಪಿನಕಾಯಿಗೆ ಬಿಲ್ ಎಲ್ಲಿಂದ ತರೋದು, ಅಲ್ವಾ? ಹೊರಡುವ ಮುಂಚೆ ಬ್ಯಾಗ್ ತೆರೆದಿಟ್ಟು ಒಂದು ಫೋಟೊ ತೆಗೆದುಕೊಳ್ಳಿ. ಚಿನ್ನ, ನಗದು ಅದರಲ್ಲಿ ಇಡಲೇಬೇಡಿ.

ವಿದೇಶ ಪ್ರಯಾಣಕ್ಕೆ ಮಾಂಟ್ರಿಯಲ್ ಒಪ್ಪಂದ (ವಿಮಾನಯಾನದ ಪರಿಹಾರಕ್ಕೆ ದೇಶಗಳು ಮಾಡಿಕೊಂಡ ಒಪ್ಪಂದ) ಅನ್ವಯಿಸುತ್ತದೆ, ಮಿತಿ ಇನ್ನೂ ಜಾಸ್ತಿ. ಅದರ ಪ್ರಕಾರ ಬ್ಯಾಗ್ 21 ದಿನವಾದರೂ ಬರದಿದ್ದರೆ ಕಳೆದಂತೆಯೇ ಲೆಕ್ಕ. ಹಾಳಾಗಿ ಬಂದರೆ 7 ದಿನದೊಳಗೆ ಲಿಖಿತ ದೂರು ಕೊಡಬೇಕು.

ಮುಖ್ಯ ವಿಷಯ: ಬ್ಯಾಗ್ ಬರಲಿಲ್ಲ ಎಂದರೆ ನಿಲ್ದಾಣದಿಂದ ಹೊರಬರುವ ಮೊದಲೇ ಕೌಂಟರ್‌ನಲ್ಲಿ ಪಿಐಆರ್ ಎಂಬ ದೂರಿನ ಚೀಟಿ ಬರೆಸಿ. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಲ್ಲಿ ಇಳಿದರೂ ಅಷ್ಟೆ. 'ನಾಳೆ ಫೋನ್ ಮಾಡ್ತೀವಿ' ಎಂಬ ಮಾತು ನಂಬಿ ಸುಮ್ನೆ ಮನೆಗೆ ಬರಬೇಡಿ. ಬೋರ್ಡಿಂಗ್ ಪಾಸ್, ಬ್ಯಾಗ್ ಟ್ಯಾಗ್ ಜೋಪಾನ.

ಕಂಪನಿ ಸ್ಪಂದಿಸದಿದ್ದರೆ, 2019ರ ಗ್ರಾಹಕ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಅಂದರೆ ಶಿವಮೊಗ್ಗದಲ್ಲೇ. ಅವಧಿ 2 ವರ್ಷ. ಮೊದಲು ಸಲಹೆ ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.