ಮೂಳ್ ಗಾಂವ್ ಕುಠಲಂ?

ಪುಣೆಯಲ್ಲಿ ನಲವತ್ತು ವರ್ಷ ಕಳೆದರೂ ಒಂದು ಪ್ರಶ್ನೆಯಿಂದ ಬಿಡುಗಡೆ ಇಲ್ಲ. ಡೇರಿಯ ಮುಂದೆ ನಿಂತು ನಾಲ್ಕು ಮಾತು ಮರಾಠಿಯಲ್ಲಿ ಆಡಿದರೆ ಸಾಕು, ಎದುರಿನವರು ಕಿವಿ ನೆಟ್ಟಗೆ ಮಾಡಿ ಕೇಳುತ್ತಾರೆ, "ಮೂಳ್ ಗಾಂವ್ ಕುಠಲಂ?" ಮೂಲ ಊರು ಯಾವುದು ಅಂತ.

ನಮ್ಮ ಮೇಲಿನ ಮನೆಯ ಕಾಕಾ ಇದಕ್ಕೊಂದು ಉತ್ತರ ಇಟ್ಟುಕೊಂಡಿದ್ದಾರೆ. ಅವರು ಹುಟ್ಟಿದ್ದು 1954ರಲ್ಲಿ, ವಿಜಾಪುರದಲ್ಲಿ. ಆಗ ಅದು ಮುಂಬಯಿ ರಾಜ್ಯದಲ್ಲಿತ್ತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಹೋಯಿತು. "ನಾ ಎಲ್ಲೂ ಹೋಗಿಲ್ರೀ. ಎರಡು ವರ್ಷದ ಕೂಸಿದ್ದಾಗ ರಾಜ್ಯಾನೇ ನನ್ನ ಬಿಟ್ಟು ಹೋತು" ಅನ್ನುತ್ತಾರೆ. ಮಗಳ ಕಾಲೇಜಿಗೆಂದು ಡೊಮಿಸೈಲ್, ಅಂದರೆ ಇದೇ ರಾಜ್ಯದ ನಿವಾಸಿ ಅನ್ನುವ ಪತ್ರ, ಮಾಡಿಸಲು ಹೋದಾಗ ಈ ವಾದ ನಡೆಯಲಿಲ್ಲ. 15 ವರ್ಷ ಮಹಾರಾಷ್ಟ್ರದಲ್ಲೇ ಇದ್ದ ಪುರಾವೆ ಬೇಕು ಅಂದರು. ಕಾಕಾ ಟ್ರಂಕಿನಿಂದ ಹಳೇ ಲೈಟ್ ಬಿಲ್ಲು ತೆಗೆದು, ಇಸ್ತ್ರಿ ಮಾಡಿ, ಒಯ್ದುಕೊಟ್ಟರು.

ಅಂಥವರ ಮಗ ಕೆನಡಾದಲ್ಲಿ ಇಷ್ಟು ಬೇಗ ನಾಗರಿಕನೇ ಆಗಿಬಿಟ್ಟ. ಅಲ್ಲಿ ಪಿ.ಆರ್., ಅಂದರೆ ಕಾಯಂ ವಾಸದ ಪರವಾನಗಿ, ಸಿಕ್ಕ ಮೇಲೆ ಐದು ವರ್ಷದಲ್ಲಿ 1095 ದಿನ ಇದ್ದರೆ ಅರ್ಜಿ ಹಾಕಬಹುದು. ಪಿ.ಆರ್.ಗೆ ಮೊದಲು ವೀಸಾದ ಮೇಲೆ ಅಲ್ಲಿದ್ದ ದಿನಗಳೂ ಲೆಕ್ಕಕ್ಕೆ ಬರುತ್ತವೆ, ಆದರೆ ಒಂದು ದಿನಕ್ಕೆ ಅರ್ಧ ದಿನ. "ಅಂದ್ರ ಆವಾಗ ಅರ್ಧ ಮನಶ್ಯಾ ಇದ್ದನೇನು?" ಕಾಕಾನ ಸಂಶಯ. ಮಗನ ಬಳಿ ಒಂದು ಎಕ್ಸೆಲ್ ಹಾಳೆ ಇತ್ತು. ತಂಗಿಯ ಮದುವೆಗೆ ಬಂದ 21 ದಿನ ಅದರಲ್ಲಿ ಕೆಂಪು ಬಣ್ಣದಲ್ಲಿ ಕಳೆದುಹೋದವು. ಅಕ್ಷತೆ ಹಾಕುವಾಗಲೂ ಹುಡುಗ ಏನೋ ಎಣಿಸುತ್ತಿದ್ದ.

ಆಮೇಲೆ ಪರೀಕ್ಷೆ. 20 ಪ್ರಶ್ನೆಯಲ್ಲಿ 15 ಸರಿಯಾಗಬೇಕು. ನಮ್ಮ ಹುಡುಗರಿಗೆ ಇದೇನು ಮಹಾ! ಕಷ್ಟವಾದದ್ದು ಪ್ರಮಾಣವಚನ. ಮೂರನೇ ಚಾರ್ಲ್ಸ್ ಮಹಾರಾಜನಿಗೂ ಅವನ ವಾರಸುದಾರರಿಗೂ ನಿಷ್ಠನಾಗಿರುತ್ತೇನೆ ಅಂತ ಹೇಳಬೇಕು. ಕಾಕಾನ ತಂದೆ 1942ರ ಚಳವಳಿಯಲ್ಲಿ ಜೈಲು ಕಂಡವರು. ವಿಡಿಯೋದಲ್ಲಿ ಮೊಮ್ಮಗ ಬಲಗೈ ಎತ್ತಿದಾಗ ಕಾಕು ಸುಮ್ನೆ ಎದ್ದು ಹೋಗಿ, ಗೋಡೆಯ ಮೇಲಿನ ಮಾವನವರ ಫೋಟೋವನ್ನು ಗೋಡೆ ಕಡೆ ತಿರುಗಿಸಿದರು.

ಈ ಕಡೆ ಭಾರತದ ಪಾಸ್‌ಪೋರ್ಟು ಒಪ್ಪಿಸಿದ್ದಾಯಿತು. ಬದಲಿಗೆ ಒ.ಸಿ.ಐ., ಅಂದರೆ ‘ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ’ ಕಾರ್ಡು ಬಂತು. ಹೆಸರಿನಲ್ಲಿ ‘ಸಿಟಿಜನ್’ ಇದೆ, ಪೌರತ್ವ ಇಲ್ಲ. ಕುಂಬಳಕಾಯಿ ಹಾಕದ ಕುಂಬಳಕಾಯಿ ಹುಳಿ ಇದ್ದಂತೆ. ಓಟು ಹಾಕುವಂತಿಲ್ಲ. ಊರಿನ ನಾಲ್ಕೆಕರೆ ಹೊಲ ಅಪ್ಪನಿಂದ ಬಂದರೆ ಸರಿ, ಬದುವಿನಾಚೆಯ ಒಂದು ಗುಂಟೆ ಕೊಳ್ಳುವಂತಿಲ್ಲ.

ಇಷ್ಟೆಲ್ಲ ಕೆನಡಾದ ಮೇಲಿನ ಪ್ರೀತಿಗೆ ಅಂದುಕೊಂಡಿರಾ? ಅಲ್ಲ. ಕೆನಡಾದ ಪಿ.ಆರ್.ಗೆ ಅಮೆರಿಕದ ಬಾಗಿಲು ತೆರೆಯುವುದಿಲ್ಲ, ನಾಗರಿಕನಿಗೆ ತೆರೆಯುತ್ತದೆ. ಅಲ್ಲಿ ಕೆಲಸ ಮಾಡಲು ಟಿ.ಎನ್. ಅಂತ ಒಂದು ದಾರಿ. ಕಂಪನಿಯ ಪತ್ರ ಹಿಡಿದು ಗಡಿಯಲ್ಲೇ ನಿಂತು ಕೇಳಿದರಾಯಿತು. ಆದರೆ ಈ ದಾರಿ ತೆರೆದ ಅಮೆರಿಕ, ಕೆನಡಾ, ಮೆಕ್ಸಿಕೊ ನಡುವಿನ ವ್ಯಾಪಾರ ಒಪ್ಪಂದ 1994ರದ್ದು. 2020ರಲ್ಲಿ ಅದರ ಹೆಸರು ಬದಲಾಯಿತು, ಉದ್ಯೋಗಗಳ ಪಟ್ಟಿ ಅದೇ ಉಳಿಯಿತು. ಅದರಲ್ಲಿ ಜೇನುಹುಳದ ವಿಜ್ಞಾನಿ ಇದ್ದಾನೆ, ಕಂಪ್ಯೂಟರ್ ಪ್ರೋಗ್ರಾಮರ್ ಇಲ್ಲ! ‘ಸಿಸ್ಟಮ್ಸ್ ಅನಲಿಸ್ಟ್’ ಇದ್ದಾನೆ, ಪುಣ್ಯ. ಹಾಗಾಗಿ ಹುಡುಗ ಆ ಪತ್ರದಲ್ಲಿ ಅನಲಿಸ್ಟ್. ದಿನಾ ವಿಂಡ್ಸರ್‌ನಿಂದ ಸೇತುವೆ ದಾಟಿ ಡೆಟ್ರಾಯಿಟ್‌ಗೆ ಕೆಲಸಕ್ಕೆ ಹೋಗುತ್ತಾನೆ. ಕೋಥ್ರೂಡ್‌ನಿಂದ ಹಿಂಜೇವಾಡಿಗೆ ಹೋಗುವ ನನಗಿಂತ ಬೇಗ ತಲುಪುತ್ತಾನಂತೆ, ನಡುವೆ ಒಂದು ದೇಶ ಮುಗಿದು ಇನ್ನೊಂದು ಶುರುವಾದರೂ.

ಟಿ.ಎನ್. ಕೊಡುವುದು ಹೆಚ್ಚೆಂದರೆ ಮೂರು ವರ್ಷಕ್ಕೆ. ‘ನಾನು ತಾತ್ಕಾಲಿಕ, ಹೊರಟುಹೋಗುತ್ತೇನೆ’ ಅಂತ ಅಧಿಕಾರಿಗೆ ನಂಬಿಕೆ ಬರಬೇಕು. ಎಷ್ಟು ಸಲ ಬೇಕಾದರೂ ಹೀಗೆ ತಾತ್ಕಾಲಿಕ ಆಗಬಹುದು, ಅದಕ್ಕೆ ಮಿತಿಯಿಲ್ಲ. ತಾತ್ಕಾಲಿಕವಾಗಿಯೇ ಕೂದಲು ಬೆಳ್ಳಗಾದವರಿದ್ದಾರೆ.

ಸಾಕಪ್ಪಾ ಅಂತ ಹುಡುಗ ಗ್ರೀನ್ ಕಾರ್ಡ್ ವಿಚಾರಿಸಿದ. ಜೇಬಿನಲ್ಲಿ ಕೆನಡಾದ ಪಾಸ್‌ಪೋರ್ಟು, ಬಾಯಲ್ಲಿ ಚಾರ್ಲ್ಸ್ ಮಹಾರಾಜ. ಅಮೆರಿಕ ಕೇಳಿದ್ದು ಒಂದೇ: ಹುಟ್ಟಿದ್ದೆಲ್ಲಿ? ಒಂದೊಂದು ದೇಶಕ್ಕೆ ಹೆಚ್ಚೆಂದರೆ ನೂರರಲ್ಲಿ ಏಳು ಪಾಲು. ಅದು ಪೌರತ್ವದ ಲೆಕ್ಕ ಅಲ್ಲ, ಹುಟ್ಟಿದ ನೆಲದ ಲೆಕ್ಕ. ಹೆರಿಗೆ ಆದದ್ದು ಸಿಂದಗಿಯಲ್ಲಿ, ಅಜ್ಜಿ ಮನೆಯಲ್ಲಿ. ಹಾಗಾಗಿ ಭಾರತದ ಸಾಲಿನ ಬಾಲಕ್ಕೇ ಹೋಗಿ ನಿಲ್ಲಬೇಕು. ಅಲ್ಲಿ ಹತ್ತು ವರ್ಷಕ್ಕೂ ಹಿಂದೆ ಬಂದವರು ಇನ್ನೂ ನಿಂತಿದ್ದಾರೆ. ಎಷ್ಟು ಸಮುದ್ರ ದಾಟಿದರೂ ಕೊನೆಗೆ ಸಿಕ್ಕಿದ್ದು ನಮ್ಮ ಡೇರಿ ಮುಂದಿನ ಅಜ್ಜನೇ. ಮೂಳ್ ಗಾಂವ್ ಕುಠಲಂ?

ಒಂದು ಸಂದಿ ಇದೆ. ಹೆಂಡತಿ ಹುಟ್ಟಿದ ದೇಶದ ಸಾಲಿನಲ್ಲಿ ಗಂಡನೂ ನಿಲ್ಲಬಹುದು. ಇದು ಗೊತ್ತಾದ ದಿನವೇ ಕಾಕಾ ಹುಡುಗಿ ಹುಡುಕುವ ರೀತಿ ಬದಲಾಯಿಸಿದರು. ನಕ್ಷತ್ರ ಬೇಡ, ಗೋತ್ರ ಬೇಡ. "ಹುಡುಗಿ ಹುಟ್ಟಿದ ದವಾಖಾನೆ ಯಾವ ದೇಶದ್ದು?" ಮಸ್ಕತ್, ಕುವೈತ್, ದುಬೈಯಲ್ಲಿ ಇದ್ದು ಬಂದ ಕನ್ನಡದವರ ಪಟ್ಟಿ ತಯಾರಾಯಿತು. ಆದರೆ ನಮ್ಮ ಹೆಣ್ಣುಮಕ್ಕಳು ಏಳನೇ ತಿಂಗಳಿಗೆ ತವರಿಗೆ ಬಂದುಬಿಡುತ್ತಾರಲ್ಲ! ಮಸ್ಕತ್‌ನಲ್ಲಿ ಹತ್ತು ವರ್ಷ ಇದ್ದವರ ಮಗಳು ನೋಡಿದರೆ ಹುಬ್ಬಳ್ಳಿಯಲ್ಲಿ ಹುಟ್ಟಿದ್ದಾಳೆ. "ಇನ್ನೆರಡು ತಿಂಗಳು ಅಲ್ಲೇ ಕುಂತಿದ್ರ ಏನ್ ಗಂಟು ಹೋಗ್ತಿತ್ತ್ರೀ?" ಕಾಕಾ ಇದನ್ನು ಬೀಗರಾಗಬೇಕಿದ್ದವರಿಗೇ ಕೇಳಿದರು. ಫೋನು ಕಟ್ಟಾಯಿತು.

ಹೋದ ವಾರ ಒಂದು ಸಂಬಂಧ ಕೂಡಿ ಬಂದಿತ್ತು. ಹುಡುಗಿ ಅಪ್ಪಟ ಕುವೈತ್ ಹುಟ್ಟು, ಮನೆ ಶಿರಸಿ. ಕಾಕಾ ಹೊಸ ಅಂಗಿ ಹಾಕಿಕೊಂಡು ಫೋನ್ ಮಾಡಿದರು. ಮಗ ಡೆಟ್ರಾಯಿಟ್‌ನಲ್ಲಿ ಅನಲಿಸ್ಟ್ ಅಂದರು, ಕೆನಡಾದ ನಾಗರಿಕ ಅಂದರು. ಹುಡುಗಿಯ ತಂದೆ ಎಲ್ಲ ಕೇಳಿಸಿಕೊಂಡರು. "ಅದೆಲ್ಲ ಸರಿ, ನಿಮ್ಮ ಮೂಲ ಊರು ಯಾವುದು?"

"ವಿಜಾಪುರ್ರೀ."

"ಓಹೋ. ಅಷ್ಟು ದೂರ ನಾವು ಹೆಣ್ಣು ಕೊಡೋದಿಲ್ಲ."