ಸತ್ಯಾಂಶ: ಲಸಿಕೆಯಿಂದಲೇ ಯುವಕರು ಸಾಯುತ್ತಿದ್ದಾರಾ?

ಬದಿಯಡ್ಕದ ನಮ್ಮ ಫ್ಯಾಮಿಲಿ ಗ್ರೂಪಿಗೆ ಮೊನ್ನೆ ಮತ್ತೆ ಅದೇ ಫಾರ್ವರ್ಡ್ ಬಂತು: 'ಕೋವಿಡ್ ಲಸಿಕೆಯಿಂದಲೇ ಯುವಕರು ಕುಸಿದು ಸಾಯುತ್ತಿದ್ದಾರೆ.'

18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ಪರಿಶೀಲಿಸಿದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2023ರಲ್ಲಿ ಹೇಳಿದ್ದು ಬೇರೆಯೇ. ಲಸಿಕೆಯಿಂದ ಅಪಾಯ ಹೆಚ್ಚಿಲ್ಲ. ಎರಡು ಡೋಸ್ ಪಡೆದವರಲ್ಲಿ ಕಡಿಮೆಯೇ ಇತ್ತು. ಅಪಾಯ ಹೆಚ್ಚಿಸಿದ್ದು ಹಿಂದೆ ಕೋವಿಡ್‌ಗೆ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು, ಮಿತಿಮೀರಿದ ಕುಡಿತ.

ಸುಮ್ನೆ ನಾಲ್ಕು ಸಾವಿನ ಸುದ್ದಿ ಒಟ್ಟು ಹಾಕಿದರೆ 'ಹೆಚ್ಚುವರಿ ಸಾವು', ಅಂದರೆ ಮಾಮೂಲಿಗಿಂತ ಜಾಸ್ತಿ ಸಾವು, ಆಗುವುದಿಲ್ಲ. ಆ ವಯಸ್ಸಿನಲ್ಲಿ ಮಾಮೂಲಿ ವರ್ಷ ಎಷ್ಟು ಸಾವು, ಈಗೆಷ್ಟು ಅಂತ ಕಳೆದು ನೋಡಬೇಕು. 2020–21ರಲ್ಲಿ ಜಗತ್ತಿನಲ್ಲಿ ಹೀಗೆ 1.49 ಕೋಟಿ ಹೆಚ್ಚುವರಿ ಸಾವು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತು. ಜಾಸ್ತಿ ಜನ ವಯಸ್ಸಾದವರೇ. ಆದರೆ ಪೇಟೆಯ ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ಇಪ್ಪತ್ತೈದರ ಹುಡುಗನ ಮುಖ ನೆನಪಿರುತ್ತದೆ, ಎಂಬತ್ತರ ಅಜ್ಜನದ್ದು ಇರುವುದಿಲ್ಲ, ಅಲ್ವಾ?